ಮೊದಲು ಕೇಳಲಿ, ಆಮೇಲೆ ಬರೆಯಲಿ: ಇಳಕಲ್ ಸೀರೆ ಮಾರುವವರಿಗೆ ಎಐ ಪೋಸ್ಟ್ ಸಾಧನ ಕಟ್ಟುವ ಬಗೆ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇಳಕಲ್ ಸೀರೆ ನೇಯುವವರಿಗೆ ಮತ್ತು ಮಾರುವ ಸಣ್ಣ ಅಂಗಡಿಗಳಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಪೋಸ್ಟ್ ಬರೆದುಕೊಡುವ ಎಐ ಆ್ಯಪ್ ಮಾಡುತ್ತಿದ್ದೇನೆ. ಸೀರೆಯ ಫೋಟೊ ಹಾಕಿದರೆ ಸಾಕು, ಮೂರು ಪೋಸ್ಟ್ ಸಿದ್ಧವಾಗುತ್ತವೆ. ಮೊದಲ ಸಲ ನೋಡಿದವರೆಲ್ಲ ಖುಷಿಪಟ್ಟರು. ಸ್ವಲ್ಪ ದಿನ ಕಳೆದ ಮೇಲೆ ಯಾರೂ ಬಳಸುತ್ತಿಲ್ಲ. 'ಎಲ್ಲಾ ಒಂದೇ ಥರ ಬರ್ತದ' ಅಂತಾರೆ. ಎಲ್ಲಿ ಬದಲಿಸಬೇಕು? ಪೋಸ್ಟರ್ ಚಿತ್ರವನ್ನೂ ಎಐನಿಂದಲೇ ಮಾಡಿಸಬಹುದೇ? ಯಾವ ಎಐ ಮಾಡೆಲ್ ಒಳ್ಳೆಯದು?

ಉತ್ತರ: ಮಾಡೆಲ್ ಬದಲಿಸಿದರೆ ಈ ತೊಂದರೆ ಹೋಗುವುದಿಲ್ಲ. 'ಫೋಟೊ ಹಾಕಿದರೆ ಸಾಕು' ಎಂದು ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ಒಂದು ಫೋಟೊದಿಂದ ಮಾಡೆಲ್‌ಗೆ ಗೊತ್ತಾಗುವುದು ತುಂಬಾ ಕಡಿಮೆ. ಬಣ್ಣ ಕಾಣುತ್ತದೆ, ಅಂಚಿನ ವಿನ್ಯಾಸ ಒಂದಿಷ್ಟು ಕಾಣುತ್ತದೆ. ಸೀರೆಯ ಮೈ ಹತ್ತಿಯೋ, ಹತ್ತಿ-ರೇಷ್ಮೆಯೋ, ಆರ್ಟ್ ಸಿಲ್ಕೋ ಕಾಣುವುದಿಲ್ಲ. ಕೈಮಗ್ಗವೋ ವಿದ್ಯುತ್ ಮಗ್ಗವೋ ಕಾಣುವುದಿಲ್ಲ. ಉದ್ದ 6 ಗಜವೋ 8 ಗಜವೋ 9 ಗಜವೋ ಕಾಣುವುದಿಲ್ಲ. ಬೆಲೆಯಂತೂ ಇಲ್ಲವೇ ಇಲ್ಲ. ಗೊತ್ತಿಲ್ಲದ ಜಾಗವನ್ನು ಅದು ಹೊಗಳಿಕೆಯಿಂದ ತುಂಬುತ್ತದೆ. ಹೊಗಳಿಕೆ ಎಲ್ಲ ಸೀರೆಗೂ ಒಂದೇ ಆಗಿರುತ್ತದೆ, ಹಾಗಾಗಿ ಪೋಸ್ಟ್‌ಗಳೂ ಒಂದೇ ಥರ ಬರುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೊಗಳುವಾಗ ಮಾಡೆಲ್ ಸುಳ್ಳನ್ನೂ ಸೇರಿಸುತ್ತದೆ. 'ಇಳಕಲ್' ಎಂದ ಕೂಡಲೇ 'ಶುದ್ಧ ರೇಷ್ಮೆ', 'ಕೈಯಲ್ಲೇ ನೇಯ್ದದ್ದು', 'ಸೂಕ್ಷ್ಮ ಕಸೂತಿ' ಎಂದು ಬರೆದುಬಿಡುತ್ತದೆ. ಕಸೂತಿ ಎನ್ನುವುದು ನೇಯ್ದಾದ ಮೇಲೆ ಸೂಜಿ ದಾರದಲ್ಲಿ ಮಾಡುವ ಬೇರೆಯೇ ಕೆಲಸ. ಎಲ್ಲ ಇಳಕಲ್ ಸೀರೆಯಲ್ಲೂ ಅದು ಇರುವುದಿಲ್ಲ. ಇದು ನಿಮಗೆ ಗೊತ್ತು, ನೇಕಾರರಿಗೆ ಗೊತ್ತು, ಅಂತರ್ಜಾಲದ ಪಠ್ಯ ಓದಿ ಕಲಿತ ಮಾಡೆಲ್‌ಗೆ ಗೊತ್ತಿಲ್ಲ. ಮಾರುವವರು ಒಂದು ಸಲ ಗಿರಾಕಿಯ ಎದುರು 'ಅದನ್ನ ಆ್ಯಪ್ ಬರೆದದ್ರಿ' ಎನ್ನಬೇಕಾಗಿ ಬಂದರೆ, ಮತ್ತೆ ಆ ಆ್ಯಪ್ ತೆರೆಯುವುದಿಲ್ಲ. ನಿಮ್ಮ ಬಳಕೆದಾರರು ಬಿಟ್ಟುಹೋಗಲು ಬೇಸರ ಒಂದೇ ಕಾರಣ ಇರಲಾರದು, ಇಂಥ ಮುಜುಗರವೂ ಇರಬಹುದು. ಕೇಳಿ ನೋಡಿ.

ಹಾಗಾಗಿ ನನ್ನ ಸಲಹೆಯ ತಿರುಳು ಇಷ್ಟು. ನಿಮ್ಮ ಸಾಧನದ ಮುಖ್ಯ ಕೆಲಸ ಬರೆಯುವುದಲ್ಲ, ಕೇಳುವುದು. ಮಾರುವವರು ಹೇಳಿದ್ದಕ್ಕಿಂತ ಒಂದು ಅಕ್ಷರವೂ ಜಾಸ್ತಿ ಸಂಗತಿ ಪೋಸ್ಟ್‌ಗೆ ಹೋಗಬಾರದು. ವಿನ್ಯಾಸವನ್ನೆಲ್ಲ ಇದರ ಸುತ್ತ ಕಟ್ಟಿ.

ಕೇಳುವುದು ಎಂದರೆ ಹನ್ನೆರಡು ಖಾನೆಗಳ ಫಾರ್ಮ್ ಅಲ್ಲ. ಮಗ್ಗದ ಮುಂದೆ ಕೂತವರು, ಅಂಗಡಿಯಲ್ಲಿ ಗಿರಾಕಿ ನಡುವೆ ಇರುವವರು ಫಾರ್ಮ್ ತುಂಬುವುದಿಲ್ಲ. ಆದರೆ ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಕಳಿಸುತ್ತಾರೆ. ಅದನ್ನೇ ಹಿಡಿಯಿರಿ. ಫೋಟೊ ತೆಗೆದ ಮೇಲೆ ಒಂದೇ ಬಟನ್ ಇರಲಿ: 'ಈ ಸೀರೆ ಬಗ್ಗೆ ಹೇಳಿ'. ಅವರು ತಮ್ಮ ಮಾತಿನಲ್ಲಿ ಅರ್ಧ ನಿಮಿಷ ಹೇಳಲಿ. 'ಇದು ಗೋಮಿ ದಡಿ, ಟೋಪ ತೆನಿ ಸೆರಗು, ಮೈ ಹತ್ತೀದು, ಮೂರು ಸಾವಿರದಾ ಎರಡ್ನೂರು, ಎರಡೇ ಪೀಸ್ ಅದಾವು.' (ದಡಿ ಎಂದರೆ ಅಂಚು. ಗೋಮಿ ಅದರ ಒಂದು ಬಗೆ, ಟೋಪ ತೆನಿ ಸೆರಗಿನ ಒಂದು ವಿನ್ಯಾಸ.) ಇಷ್ಟರಲ್ಲಿ ನಿಮಗೆ ಬೇಕಾದದ್ದು ಮುಕ್ಕಾಲು ಪಾಲು ಬಂತು, ಅಲ್ವಾ?

ಧ್ವನಿಯನ್ನು ಅಕ್ಷರ ಮಾಡುವ ಕನ್ನಡ ಮಾಡೆಲ್‌ಗಳು ಈಗ ಪರವಾಗಿಲ್ಲ. ಮದ್ರಾಸ್ ಐಐಟಿಯ ಎಐಫಾರ್‌ಭಾರತ್ ತಂಡ ಭಾರತೀಯ ಭಾಷೆಗಳಿಗಾಗಿ ಮುಕ್ತ ಮಾಡೆಲ್‌ಗಳನ್ನು ಕೊಟ್ಟಿದೆ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿ ಇದೆ. ಬೆಂಗಳೂರಿನ ಸರ್ವಂ ಕಂಪನಿಯ ಸೇವೆ ಇದೆ. ಮೂರನ್ನೂ ನಿಮ್ಮ ಊರಿನ ದನಿಗಳಲ್ಲೇ ಪರೀಕ್ಷೆ ಮಾಡಿ. ಬೆಂಗಳೂರಿನ ಗೆಳೆಯರ ದನಿಯಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. 'ಟೋಪ ತೆನಿ', 'ಚಿಕ್ಕಿ ಪರಾಸ', 'ಗಾಡಿ ದಡಿ' ಇಂಥ ಮಾತುಗಳನ್ನು ಯಾವ ಮಾಡೆಲ್ ಆದರೂ ತಪ್ಪಾಗಿ ಕೇಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಒಬ್ಬ ಹಿರಿಯ ನೇಕಾರರ ಜೊತೆ ಕೂತು ಕಸುಬಿನ ಮಾತುಗಳ ಪಟ್ಟಿ ಮಾಡಿಕೊಳ್ಳಿ. ದಡಿ, ಸೆರಗು, ನೂಲು, ಬಣ್ಣಗಳ ಹೆಸರು, ಎಲ್ಲ ಸೇರಿ ನೂರು ಇನ್ನೂರು ಪದ ಆದೀತು. ಧ್ವನಿಯಿಂದ ಬಂದ ಪಠ್ಯವನ್ನು ಆ ಪಟ್ಟಿಯ ಜೊತೆ ಹೋಲಿಸಿ ತಿದ್ದುವ ಒಂದು ಹಂತ ಇಡಿ. ನಿಮ್ಮ ಆ್ಯಪ್‌ನಲ್ಲಿ ಬೇರೆ ಯಾರೂ ಸುಲಭವಾಗಿ ನಕಲು ಮಾಡಲಾಗದ ಭಾಗ ಏನಾದರೂ ಇದ್ದರೆ, ಅದು ಈ ಪಟ್ಟಿ.

ಮುಂದಿನ ಹಂತ, ಆ ಮಾತುಗಳಿಂದ ಒಂದು ಸಂಗತಿ ಚೀಟಿ ಮಾಡುವುದು. ದಡಿ, ಸೆರಗು, ಮೈ ನೂಲು, ಮಗ್ಗ, ಉದ್ದ, ಬೆಲೆ, ಎಷ್ಟು ಇವೆ, ಕೊರಿಯರ್ ಇದೆಯೋ ಇಲ್ಲವೋ. ಪ್ರತಿ ಸಂಗತಿಯ ಪಕ್ಕದಲ್ಲೂ ಅದು ಎಲ್ಲಿಂದ ಬಂತು ಎಂದು ಬರೆದಿಡಿ: ಮಾರುವವರು ಹೇಳಿದ್ದೋ, ಫೋಟೊದಲ್ಲಿ ಕಂಡದ್ದೋ, ಗೊತ್ತೇ ಇಲ್ಲವೋ. 'ಗೊತ್ತಿಲ್ಲ' ಎನ್ನುವುದಕ್ಕೆ ಒಂದು ಸರಿಯಾದ ಜಾಗ ಇರಲೇಬೇಕು. ಅದಿಲ್ಲದಿದ್ದರೆ ಮಾಡೆಲ್ ಖಾಲಿ ಜಾಗ ಕಂಡಲ್ಲೆಲ್ಲ ಊಹೆ ತುಂಬುತ್ತದೆ. ಗೊತ್ತಿಲ್ಲದವುಗಳಲ್ಲಿ ಮುಖ್ಯವಾದ ಒಂದೆರಡನ್ನು ಮಾತ್ರ ತಿರುಗಿ ಕೇಳಿ. 'ಕೈಮಗ್ಗದ್ದಾ?' ಎಂದು ಕೇಳಿ, ಹೌದು, ಅಲ್ಲ, ಗೊತ್ತಿಲ್ಲ ಎಂದು ಮೂರು ಬಟನ್ ಕೊಡಿ. ಉಳಿದದ್ದು ಬೇಡ. ಉದ್ದ ಹೇಳದಿದ್ದರೆ ಪೋಸ್ಟ್‌ನಲ್ಲಿ ಉದ್ದ ಇರುವುದಿಲ್ಲ, ಅಷ್ಟೇ.

ಬೆಲೆ ಮತ್ತು ಫೋನ್ ನಂಬರ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಧ್ವನಿಯಲ್ಲಿ 'ಮೂರೂವರೆ' ಎಂದದ್ದು 3,500 ಆಗಬೇಕು, 350 ಆಗಬಾರದು. ಅಂಕಿಯಲ್ಲಿ ದೊಡ್ಡದಾಗಿ ತೋರಿಸಿ, 'ಸರಿ' ಒತ್ತಿಸಿಕೊಳ್ಳಿ. ಪೋಸ್ಟ್ ಬರೆಯುವಾಗಲೂ ಈ ಅಂಕಿಗಳನ್ನು ಮಾಡೆಲ್ ಕೈಗೆ ಕೊಡಬೇಡಿ. ಅದು 'ಬೆಲೆ' ಎಂಬ ಖಾಲಿ ಜಾಗ ಬಿಟ್ಟು ಬರೆಯಲಿ, ನಿಮ್ಮ ಕೋಡ್ ಅಂಕಿಯನ್ನು ಅಲ್ಲಿ ಕೂರಿಸಲಿ.

ಇಷ್ಟಾದ ಮೇಲೆ ಬರೆಯುವ ಮಾಡೆಲ್‌ಗೆ ಸಿಗುವುದು ಆ ಚೀಟಿ ಮಾತ್ರ, ಫೋಟೊ ಅಲ್ಲ. ಇದು ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಫೋಟೊ ಕಂಡರೆ ಅದು ವರ್ಣನೆಗೆ ಇಳಿಯುತ್ತದೆ. ಗಿರಾಕಿಗೆ ಫೋಟೊ ಕಾಣುತ್ತಿರುತ್ತದೆ, ವರ್ಣನೆ ಬೇಕಾಗಿಲ್ಲ. ಫೋಟೊದಲ್ಲಿ ಕಾಣದ್ದನ್ನು ಹೇಳುವುದೇ ಪೋಸ್ಟ್‌ನ ಕೆಲಸ.

ಬರೆದು ಬಂದ ಕರಡನ್ನು ನೇರವಾಗಿ ತೋರಿಸಬೇಡಿ. ನಡುವೆ ಒಂದು ತಪಾಸಣೆ ಇರಲಿ. ಕೆಲವು ಮಾತುಗಳಿಗೆ ಬೀಗ ಹಾಕಿ: ಕೈಮಗ್ಗ, ಶುದ್ಧ ರೇಷ್ಮೆ, ನೈಸರ್ಗಿಕ ಬಣ್ಣ, ಜಿಐ (ಒಂದು ಊರಿನ ಸರಕಿಗೆ ಸಿಗುವ ಭೌಗೋಳಿಕ ಗುರುತು), ಕಸೂತಿ, 'ಬಣ್ಣ ಹೋಗುವುದಿಲ್ಲ'. ಚೀಟಿಯಲ್ಲಿ ಆ ಸಂಗತಿಗೆ 'ಮಾರುವವರು ಹೇಳಿದ್ದು' ಎಂಬ ಗುರುತು ಇದ್ದರೆ ಮಾತ್ರ ಆ ಮಾತು ಪೋಸ್ಟ್‌ನಲ್ಲಿ ಉಳಿಯಬೇಕು. ಇದಕ್ಕೆ ಎಐ ಬೇಕಿಲ್ಲ, ಸರಳ ಕೋಡ್ ಸಾಕು. ಅದೇ ನಂಬಿಕೆಗೆ ಹೆಚ್ಚು ಅರ್ಹ ಕೂಡ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇವು ಬರೀ ಅಲಂಕಾರದ ಮಾತುಗಳಲ್ಲ. ಇಳಕಲ್ ಸೀರೆಗೆ ಜಿಐ ನೋಂದಣಿ ಇದೆ. 1999ರ ಜಿಐ ಕಾಯ್ದೆಯಂತೆ ಆ ಹಕ್ಕನ್ನು ಬಳಸಲು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿರಬೇಕು. ಶುದ್ಧ ರೇಷ್ಮೆಗೆ ಕೊಡುವ ಸಿಲ್ಕ್ ಮಾರ್ಕ್ 2004ರಿಂದ ಇದೆ, ಕೈಮಗ್ಗದ ಬಟ್ಟೆಗೆ ಕೊಡುವ ಹ್ಯಾಂಡ್‌ಲೂಮ್ ಮಾರ್ಕ್ 2006ರಿಂದ. ಎರಡಕ್ಕೂ ಅದರದ್ದೇ ಆದ ಲೇಬಲ್ ಇದೆ. ಮಾರುವವರ ಹತ್ತಿರ ಲೇಬಲ್ ಇದ್ದರೆ ಅದರ ಫೋಟೊ ಒಂದು ಸಲ ಸೇರಿಸಿಕೊಳ್ಳಿ, ಆಗ ಆ ಮಾತಿನ ಬೀಗ ತೆಗೆಯಿರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಇದೆ. ಸಣ್ಣ ಅಂಗಡಿಯ ಒಂದು ಪೋಸ್ಟ್‌ಗೆ ಅಷ್ಟು ದೂರ ಹೋಗದಿರಬಹುದು. ಆದರೆ ನಿಜವಾದ ನಷ್ಟ ಕೈಮಗ್ಗದವರಿಗೆ. ವಿದ್ಯುತ್ ಮಗ್ಗದ ಸೀರೆಗೂ ನಿಮ್ಮ ಆ್ಯಪ್ 'ಕೈಮಗ್ಗ' ಎಂದು ಬರೆದರೆ, ದಿನಗಟ್ಟಲೆ ಕೂತು ನೇಯ್ದವರು ಕೇಳುವ ಬೆಲೆಗೆ ಅರ್ಥವೇ ಇರುವುದಿಲ್ಲ. ನೀವು ಯಾರಿಗಾಗಿ ಈ ಆ್ಯಪ್ ಶುರು ಮಾಡಿದಿರೋ ಅವರಿಗೇ ಪೆಟ್ಟು. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಈಗ ಭಾಷೆಯ ವಿಷಯ. ಈಗಿನ ನಿಮ್ಮ ಆ್ಯಪ್‌ನಿಂದ ಬರುವ ಪೋಸ್ಟ್ ಹೆಚ್ಚುಕಡಿಮೆ ಹೀಗಿರಬಹುದು: 'ಸಂಪ್ರದಾಯ ಮತ್ತು ಆಧುನಿಕತೆಯ ಅದ್ಭುತ ಸಂಗಮ! ನಮ್ಮ ಇಳಕಲ್ ಸೀರೆಯೊಂದಿಗೆ ನಿಮ್ಮ ಸೌಂದರ್ಯವನ್ನು ಅನಾವರಣಗೊಳಿಸಿ. ಇಂದೇ ನಿಮ್ಮದಾಗಿಸಿಕೊಳ್ಳಿ!' ಬಾಗಲಕೋಟೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ಬೆಂಗಳೂರಿನಲ್ಲೂ ಇಲ್ಲ. ಇದು ಇಂಗ್ಲಿಷ್ ಜಾಹೀರಾತು ಕನ್ನಡ ಅಕ್ಷರದಲ್ಲಿ ಬಂದದ್ದು. ಚೀಟಿಯಿಂದ ಬರೆದರೆ ಹೀಗೆ ಬರಬಹುದು: 'ಗೋಮಿ ದಡಿ, ಟೋಪ ತೆನಿ ಸೆರಗು. ಮೈ ಹತ್ತಿ, ದಿನಾ ಉಡೋಕೆ ಹಗುರ. ಎರಡೇ ಸೀರೆ ಇವೆ. ಬೆಲೆ 3,200 ರೂ. ಬೇಕಾದವರು ವಾಟ್ಸ್‌ಆ್ಯಪ್ ಮಾಡಿ, ಸೆರಗಿನ ಫೋಟೊ ಬೇರೆ ಕಳಿಸುತ್ತೇವೆ.' ಇದರಲ್ಲಿ ಒಂದೂ ಹೊಗಳಿಕೆ ಇಲ್ಲ. ಆದರೆ ಕೊಳ್ಳುವವರು ಕೇಳುವ ಮೊದಲ ನಾಲ್ಕು ಪ್ರಶ್ನೆಗೆ ಉತ್ತರ ಇದೆ. 'ದಿನಾ ಉಡೋಕೆ ಹಗುರ', 'ಸೆರಗಿನ ಫೋಟೊ ಬೇರೆ ಕಳಿಸುತ್ತೇವೆ' ಎನ್ನುವುದು ಕೂಡ ಮಾರುವವರು ಹೇಳಿದ್ದರೆ ಮಾತ್ರ ಬರಬೇಕು, ನೆನಪಿರಲಿ.

ಈ ಭಾಷೆ ತರುವುದಕ್ಕೆ ಮಾಡೆಲ್‌ಗೆ ಉದ್ದದ ಸೂಚನೆ ಬರೆಯುವುದಕ್ಕಿಂತ ಮಾದರಿ ಕೊಡುವುದು ಒಳ್ಳೆಯದು. ಪ್ರತಿ ಅಂಗಡಿಯವರೂ ಈಗಾಗಲೇ ಗಿರಾಕಿಗಳಿಗೆ ಸಂದೇಶ ಬರೆದಿರುತ್ತಾರೆ. ಅವರ ಒಪ್ಪಿಗೆ ತಗೊಂಡು ಅವರದ್ದೇ ಹತ್ತು ಹದಿನೈದು ಹಳೆಯ ಸಂದೇಶ ಇಟ್ಟುಕೊಳ್ಳಿ. ಹೊಸ ಸೀರೆಗೆ ಹತ್ತಿರವಾದ ಮೂರು ನಾಲ್ಕನ್ನು ಪ್ರತಿ ಸಲ ಮಾಡೆಲ್‌ಗೆ ಮಾದರಿಯಾಗಿ ಕೊಡಿ. ಫೈನ್ ಟ್ಯೂನಿಂಗ್ (ಮಾಡೆಲ್‌ಗೇ ಹೆಚ್ಚುವರಿ ತರಬೇತಿ ಕೊಡುವುದು) ಈಗಲೇ ಬೇಡ, ಅದಕ್ಕೆ ಬೇಕಾದಷ್ಟು ಸಾಮಗ್ರಿ ನಿಮ್ಮ ಹತ್ತಿರ ಇರುವುದಿಲ್ಲ. ಹಳೆಯ ಸಂದೇಶಗಳಲ್ಲಿ ಗಿರಾಕಿಗಳ ಹೆಸರು, ನಂಬರ್, ವಿಳಾಸ ಇದ್ದರೆ ಮೊದಲೇ ತೆಗೆದುಹಾಕಿ. ಹಾಗೆಯೇ ಬಳಸಬಾರದ ಮಾತುಗಳ ಪಟ್ಟಿ ಇಡಿ. ಸಂಗಮ, ಅನಾವರಣ, ಸೊಬಗಿನ ಲೋಕ, ಮೆರುಗು, ಇಂದೇ ನಿಮ್ಮದಾಗಿಸಿಕೊಳ್ಳಿ. ಬಳಕೆದಾರರು ಅಳಿಸುವ ಮಾತುಗಳನ್ನು ನೋಡುತ್ತಾ ಈ ಪಟ್ಟಿ ಬೆಳೆಸಿ.

ಒಂದು ಆಸೆ ನಿಮಗೆ ಬರಬಹುದು: ಉತ್ತರ ಕರ್ನಾಟಕದ ಮಾತಿನಲ್ಲೇ ಬರೆಸೋಣ ಎಂದು. ಮಾಡೆಲ್‌ಗೆ 'ಆ ಭಾಷೆಯಲ್ಲಿ ಬರೆ' ಎಂದು ಹೇಳಬೇಡಿ. ಸಾಲಿಗೊಂದು 'ಐತಿ', 'ರೀ' ಸೇರಿಸಿ ನಾಟಕದ ಹಾಸ್ಯ ಪಾತ್ರದ ಮಾತಿನಂತೆ ಮಾಡಿಬಿಡುತ್ತದೆ. ಅದು ಜನರನ್ನು ಅಣಕಿಸಿದ ಹಾಗೆ. ಮಾರುವವರು ತಾವೇ ಹೇಳಿದ ಒಂದು ಮಾತು ಚೆನ್ನಾಗಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಲಿ, ತಿದ್ದದೆ. ಉಳಿದದ್ದು ಸಾದಾ ಕನ್ನಡದಲ್ಲಿ ಇರಲಿ.

ಮರಾಠಿಯನ್ನೂ ಮೊದಲೇ ಯೋಚಿಸಿ. ಮಹಾರಾಷ್ಟ್ರದಲ್ಲಿ ಈ ಸೀರೆಗೆ ದೊಡ್ಡ ಮಾರುಕಟ್ಟೆ ಇದೆ, ಅಲ್ಲಿನವರು 'ಇರಕಲ್' ಎಂದು ಹುಡುಕುತ್ತಾರೆ. ಕನ್ನಡ ಪೋಸ್ಟ್ ಅನ್ನು ಮರಾಠಿಗೆ ಅನುವಾದ ಮಾಡಿಸಬೇಡಿ. ಅದೇ ಸಂಗತಿ ಚೀಟಿಯಿಂದ ಮರಾಠಿಯಲ್ಲಿ ಬೇರೆಯಾಗಿ ಬರೆಸಿ. ಚೀಟಿ ಮಾಡಿದ್ದರ ಲಾಭ ಇಲ್ಲಿ ಇನ್ನೊಮ್ಮೆ ಸಿಗುತ್ತದೆ.

ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಪೋಸ್ಟ್ ತೋರಿಸುವುದನ್ನು ಬಿಡಿ, ಒಂದೇ ತೋರಿಸಿ. ಮೂರು ಇದ್ದರೆ ಓದಿ ಆರಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. ಒಂದು ಕರಡು, ಕೆಳಗೆ 'ಚಿಕ್ಕದು ಮಾಡು', 'ಬೇರೆ ಥರ' ಎಂಬ ಎರಡು ಬಟನ್, ಮತ್ತು ಮುಟ್ಟಿದರೆ ತಿದ್ದಲು ಬರುವ ಪಠ್ಯ. ಅವರು ಏನು ತಿದ್ದಿದರು ಎಂಬುದನ್ನು ಉಳಿಸಿಡಿ. ತಿದ್ದಿ ಹಾಕಿದ ಪೋಸ್ಟ್ ಮುಂದಿನ ಸಲ ಮಾದರಿಯಾಗಲಿ. ಹೀಗಾದರೆ ಆ್ಯಪ್ ತಿಂಗಳು ಕಳೆದಂತೆ ಆ ಅಂಗಡಿಯ ದನಿಗೆ ಹತ್ತಿರವಾಗುತ್ತದೆ.

ಕನ್ನಡ ಲಿಪಿಯ ಕೆಲವು ತೊಡಕುಗಳು ಇಂಗ್ಲಿಷ್ ಆ್ಯಪ್ ಮಾಡುವವರಿಗೆ ಬರುವುದೇ ಇಲ್ಲ. 'ಸ್ತ್ರೀ' ಕಣ್ಣಿಗೆ ಒಂದಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಆರು ಚಿಹ್ನೆ. ಇನ್‌ಸ್ಟಾಗ್ರಾಂ ಒಂದು ಕ್ಯಾಪ್ಶನ್‌ಗೆ 2,200 ಚಿಹ್ನೆ ಕೊಡುತ್ತದೆ, ಅದು ಸಾಕಷ್ಟಾಯಿತು. ಆದರೆ ಮುನ್ನೋಟಕ್ಕಾಗಿ ಪಠ್ಯವನ್ನು ಎಲ್ಲೆಂದರಲ್ಲಿ ಕತ್ತರಿಸಿದರೆ ಒತ್ತಕ್ಷರ ಅರ್ಧಕ್ಕೆ ಒಡೆಯುತ್ತದೆ. ಪದದ ನಡುವೆ ಬೇಡ, ಪದಗಳ ನಡುವಿನ ಖಾಲಿ ಜಾಗದಲ್ಲೇ ಕತ್ತರಿಸಿ. ಫೀಡ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಹಾಗಾಗಿ ದಡಿಯ ಹೆಸರು ಮತ್ತು ಬೆಲೆ ಅಲ್ಲೇ ಬರಲಿ. ಮಾಡೆಲ್‌ಗಳು ದಪ್ಪ ಅಕ್ಷರಕ್ಕೆ ಎರಡೆರಡು ನಕ್ಷತ್ರ ಚಿಹ್ನೆ ಹಾಕುತ್ತವೆ. ವಾಟ್ಸ್‌ಆ್ಯಪ್‌ಗೆ ಒಂದೇ ಬೇಕು, ಇನ್‌ಸ್ಟಾಗ್ರಾಂಗೆ ಒಂದೂ ಬೇಡ. ಕಳಿಸುವ ಮುನ್ನ ಕೋಡ್‌ನಲ್ಲಿ ತೆಗೆದುಹಾಕಿ. ಯಾರಾದರೂ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ದರಪಟ್ಟಿ ಕೊಟ್ಟರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಮಾಡೆಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಪೋಸ್ಟರ್ ಚಿತ್ರದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಸೀರೆಯ ಚಿತ್ರವನ್ನು ಎಐ ಮುಟ್ಟಬಾರದು. ಹಿನ್ನೆಲೆ ತೆಗೆಯುವುದು, ಬೆಳಕು ಸ್ವಲ್ಪ ಸರಿ ಮಾಡುವುದು ಸರಿ. ರೂಪದರ್ಶಿಗೆ ಸೀರೆ ಉಡಿಸುವುದು, ಹೊಸ ಚಿತ್ರ ಬರೆಸುವುದು ಬೇಡ. ಹಾಗೆ ಮಾಡಿದಾಗ ದಡಿಯ ವಿನ್ಯಾಸ ಬದಲಾಗುತ್ತದೆ, ಸೆರಗಿನ ಪಟ್ಟೆಗಳು ಕರಗುತ್ತವೆ, ಬಣ್ಣ ಬೇರೆಯಾಗುತ್ತದೆ. ಗಿರಾಕಿಗೆ ಪಾರ್ಸೆಲ್‌ನಲ್ಲಿ ಬರುವ ಸೀರೆ ಬೇರೆ, ಚಿತ್ರದಲ್ಲಿದ್ದದ್ದು ಬೇರೆ. ಇದು ಮೋಸವೇ. ಮೇಲಾಗಿ, ಎಐನಿಂದ ಮಾಡಿದ ಚಿತ್ರಕ್ಕೆ ಗುರುತು ಹಾಕಬೇಕು ಎನ್ನುವ ಕಡೆಗೆ ಎಲ್ಲರೂ ಹೋಗುತ್ತಿದ್ದಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ 2024ರಿಂದ ಅಂಥ ಚಿತ್ರಗಳಿಗೆ ಲೇಬಲ್ ಹಾಕುತ್ತಿದೆ. ನಮ್ಮ ಸರ್ಕಾರವೂ 2025ರ ಅಕ್ಟೋಬರ್‌ನಲ್ಲಿ ಇದೇ ದಿಕ್ಕಿನ ಕರಡು ನಿಯಮ ತಂದು, 2026ರ ಫೆಬ್ರುವರಿಯಲ್ಲಿ ನಿಯಮವನ್ನು ಜಾರಿಗೆ ತಂದಿತು.

ಚಿತ್ರದ ಮೇಲೆ ಕನ್ನಡ ಅಕ್ಷರ ಬೇಕಾದರೆ ಅದನ್ನೂ ಚಿತ್ರ ಬರೆಯುವ ಮಾಡೆಲ್‌ಗೆ ಬಿಡಬೇಡಿ. ಒತ್ತು, ದೀರ್ಘ, ಕೊಂಬು ಎಲ್ಲೆಲ್ಲೋ ಬೀಳುತ್ತವೆ. ನೀವೇ ನಾಲ್ಕೈದು ವಿನ್ಯಾಸ ಮಾಡಿಟ್ಟುಕೊಂಡು, ಅಕ್ಷರವನ್ನು ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಬರೆಸಿ. ಅಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪೈಥಾನ್‌ನಲ್ಲಿ ಚಿತ್ರ ಮಾಡುವ ಪಿಲ್ಲೋ ಬಳಸುವುದಾದರೆ ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿ ಜೊತೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ 'ಕ್ಕ' ಎನ್ನುವುದು ಎರಡು ತುಂಡಾಗಿ ಬರುತ್ತದೆ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆ. ಮೂರೂ ಉಚಿತ.

ತಾನಾಗಿಯೇ ಪೋಸ್ಟ್ ಹಾಕುವ ಸೌಲಭ್ಯ ಈಗ ಬೇಡ. ಇನ್‌ಸ್ಟಾಗ್ರಾಂ ಎಪಿಐಗೆ (ಬೇರೆ ಆ್ಯಪ್‌ನಿಂದ ನೇರವಾಗಿ ಪೋಸ್ಟ್ ಹಾಕುವ ದಾರಿ) ವೃತ್ತಿಪರ ಖಾತೆ ಬೇಕು, ಮೆಟಾದವರ ಪರಿಶೀಲನೆ ಆಗಬೇಕು. ಫೋನಿನ ಸಾಮಾನ್ಯ 'ಶೇರ್' ಬಟನ್ ಸಾಕು. ಕೊನೆಯ ಒತ್ತು ಮನುಷ್ಯರ ಕೈಯಲ್ಲೇ ಇರುವುದು ಇಂಥ ಸಾಧನದಲ್ಲಿ ಒಳ್ಳೆಯದೇ. ಹಬ್ಬದ ತಾರೀಖುಗಳನ್ನೂ ಮಾಡೆಲ್‌ಗೆ ಕೇಳಬೇಡಿ, ಚಾಂದ್ರಮಾನದ ಹಬ್ಬಗಳಲ್ಲಿ ಅದು ತಪ್ಪುತ್ತದೆ. ವರ್ಷಕ್ಕೊಮ್ಮೆ ಪಂಚಾಂಗ ನೋಡಿ ನೀವೇ ತುಂಬಿಸಿ. ಆಗಸ್ಟ್ 7, ರಾಷ್ಟ್ರೀಯ ಕೈಮಗ್ಗ ದಿನವನ್ನು ಮರೆಯಬೇಡಿ.

ಇನ್ನು ಮಾಡೆಲ್. ಹೆಸರು ನೋಡಿ ಆರಿಸಬೇಡಿ. ಊರಿನಲ್ಲಿ ಮೂವತ್ತು ಸೀರೆಗಳ ಫೋಟೊ ಮತ್ತು ಧ್ವನಿ ಸೇರಿಸಿ. ಪ್ರತಿಯೊಂದಕ್ಕೂ ಸರಿಯಾದ ಚೀಟಿಯನ್ನು ನೀವೇ ಕೈಯಿಂದ ಬರೆದಿಟ್ಟುಕೊಳ್ಳಿ. ಮೂರು ನಾಲ್ಕು ಮಾಡೆಲ್‌ಗಳಿಗೆ ಅದನ್ನೇ ಕೊಡಿ. ಎರಡು ವಿಷಯ ಎಣಿಸಿ: ಹೇಳದ ಸಂಗತಿ ಎಷ್ಟು ಸಲ ಸೇರಿತು, ಮತ್ತು ಅಂಗಡಿಯವರು ಹಾಕುವ ಮುನ್ನ ಎಷ್ಟು ಭಾಗ ತಿದ್ದಿದರು. ಲೈಕ್‌ಗಳನ್ನು ಎಣಿಸಬೇಡಿ. ಪೋಸ್ಟ್ ನೋಡಿ ಎಷ್ಟು ಜನ ಬೆಲೆ ಕೇಳಿ ಸಂದೇಶ ಕಳಿಸಿದರು ಎನ್ನುವುದು ಮಾರುವವರಿಗೆ ಬೇಕಾದ ಲೆಕ್ಕ.

ಖರ್ಚನ್ನೂ ಅದೇ ಮೂವತ್ತರ ಮೇಲೆ ಅಳೆಯಿರಿ. ಮಾಡೆಲ್‌ಗಳು ಹಣ ಎಣಿಸುವುದು ಟೋಕನ್ ಲೆಕ್ಕದಲ್ಲಿ, ಅಂದರೆ ಪಠ್ಯವನ್ನು ಒಡೆದ ತುಣುಕುಗಳ ಲೆಕ್ಕದಲ್ಲಿ. ಹಳೆಯ ಮಾಡೆಲ್‌ಗಳು ನಮ್ಮ ಲಿಪಿಗಳನ್ನು ಚೂರು ಚೂರು ಮಾಡುತ್ತಿದ್ದವು, ಒಂದು ಪದಕ್ಕೆ ಹಲವು ಟೋಕನ್ ಆಗುತ್ತಿತ್ತು. 2024ರಲ್ಲಿ ಜಿಪಿಟಿ-4ಒ ಎಂಬ ಮಾಡೆಲ್ ಬಂದಾಗ ತೆಲುಗಿನ ಒಂದು ಮಾದರಿ ವಾಕ್ಯಕ್ಕೆ 3.5 ಪಟ್ಟು ಕಡಿಮೆ ಟೋಕನ್ ಸಾಕು ಎಂದು ಓಪನ್‌ಎಐ ತೋರಿಸಿತ್ತು. ಕನ್ನಡಕ್ಕೆ ಎಷ್ಟು ಎಂಬುದನ್ನು ನಿಮ್ಮ ಚೀಟಿಗಳಿಂದಲೇ ಲೆಕ್ಕ ಹಾಕಿ. ಚೀಟಿ ಮಾಡುವ ಕೆಲಸಕ್ಕೆ ಚಿಕ್ಕ, ಅಗ್ಗದ ಮಾಡೆಲ್ ಸಾಕಾಗಬಹುದು. ಬರೆಯುವುದಕ್ಕೆ ಮಾತ್ರ ಕನ್ನಡ ಚೆನ್ನಾಗಿ ಬರುವ ಮಾಡೆಲ್‌ಗೆ ದುಡ್ಡು ಕೊಡಿ.

ಹೊಸ ಕೋಡ್ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಬಿಟ್ಟುಹೋದವರಲ್ಲಿ ಐದು ಜನರನ್ನು ಹಿಡಿದು, ಎರಡು ವಾರ ಅವರ ಧ್ವನಿ ಸಂದೇಶಗಳನ್ನು ನಿಮ್ಮ ವಾಟ್ಸ್‌ಆ್ಯಪ್‌ಗೇ ತರಿಸಿಕೊಳ್ಳಿ. ಚೀಟಿಯನ್ನು ನೀವೇ ಮಾಡಿ, ಪೋಸ್ಟ್ ಅನ್ನು ಮಾಡೆಲ್‌ನಿಂದ ಬರೆಸಿ, ವಾಪಸ್ ಕಳಿಸಿ. ಯಾವ ಪ್ರಶ್ನೆ ಪದೇ ಪದೇ ಕೇಳಬೇಕಾಯಿತು, ಯಾವುದಕ್ಕೆ ಅವರು ಉತ್ತರ ಕೊಡಲಿಲ್ಲ, ಎಷ್ಟು ಹೊತ್ತಿಗೆ ಸಂದೇಶ ಕಳಿಸುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಪರದೆಯ ವಿನ್ಯಾಸವನ್ನು ಆ ಟಿಪ್ಪಣಿ ನೋಡಿಕೊಂಡು ಶುರು ಮಾಡಿ.